ಎಡಗಣ್ಣಿಗೊಂದು ರೈಲು

ಶೂಟಿಂಗ್ ಕ್ಲಬ್ಬಿನ ರೈಫಲ್ಲನ್ನು ಮನೆಗೆ ತರುವ ಹಾಗಿಲ್ಲ. ಅದು ಕಬ್ಬಿಣದ ಕಪಾಟಿನಲ್ಲಿರುತ್ತದೆ. ಕಪಾಟಿಗೆ ಎರಡು ಬೀಗ, ಕೀಲಿಗಳು ಇಬ್ಬರ ಜೇಬಿನಲ್ಲಿ. ಹಾಗಾಗಿ ಆ ರೈಫಲ್ಲಿಗೆ ರೈಲು ಮಾಡಿಕೊಡುತ್ತೇನೆಂದು ಒಪ್ಪಿಕೊಂಡ ಮೇಲೆ ನಾನು ಮೊದಲು ಮಾಡಬೇಕಾಗಿ ಬಂದದ್ದು ಒಂದು ಸುಳ್ಳು ರೈಫಲ್. ಅಟ್ಟದ ಮೇಲೆ ಬಿದ್ದಿದ್ದ ಹಳೆಯ ಮಂಚದ ಕಾಲೊಂದನ್ನು ಇಳಿಸಿ, ಕ್ಲಬ್ಬಿನಲ್ಲಿ ತೆಗೆದುಕೊಂಡು ಬಂದ ಅಳತೆಗೆ ಕೊಯ್ದು, ಕೆನ್ನೆ ಕೂರುವ ಕಡೆ ಅರದಿಂದ ಉಜ್ಜಿ ನುಣುಪು ಮಾಡಿದೆ.

"ಅದು ನನ್ನ ಮದುವೆ ಮಂಚದ ಕಾಲು ಕಣೇ," ಎಂದರು ಅತ್ತೆ, ಬಾಗಿಲಲ್ಲಿ ನಿಂತು.

"ಹುಳ ಹಿಡೀತಿತ್ತು ಅತ್ತೆ."

"ಹಿಡೀಲಿ ಬಿಡು. ನಿಮ್ಮ ಮಾವ ಇದ್ದಾಗಲೂ ಅದಕ್ಕೆ ಯಾರೂ ಇಷ್ಟು ಉಪಚಾರ ಮಾಡಿರಲಿಲ್ಲ."

ರೈಲೆಂದರೆ ದೊಡ್ಡದೇನಲ್ಲ. ದೂರದ ಗುರಿಯನ್ನು ಹತ್ತಿರ ಮಾಡಿ ತೋರಿಸುವ ಕೊಳವೆಗೆ ಸ್ಕೋಪ್ ಎನ್ನುತ್ತಾರೆ. ಅದು ರೈಫಲ್ಲಿನ ಮೇಲೆ ಕೂರಲು ಬೇಕಾದ ಲೋಹದ ಪಟ್ಟಿಯೇ ರೈಲು. ಅಂಗಡಿಯಲ್ಲಿ ಸಿಗುವ ರೈಲುಗಳೆಲ್ಲ ಸ್ಕೋಪನ್ನು ನಳಿಗೆಯ ನೆತ್ತಿಯ ಮೇಲೆ ಕೂರಿಸುತ್ತವೆ. ಬಲ ಭುಜಕ್ಕೆ ಹಿಡಿದವರಿಗೆ ಅದು ನೇರವಾಗಿ ಬಲಗಣ್ಣಿನ ಮುಂದೆ ಬರುತ್ತದೆ. ನನ್ನ ಮಗಳ ಬಲಗಣ್ಣಿನ ಪಾಪೆಯ ಮೇಲೆ ಈಗ ಒಂದು ಬಿಳಿ ಕಲೆ. ಗೆಳತಿಯರ ಜೊತೆ ಆಡುವಾಗ ಶಟಲ್ ಬಂದು ಬಡಿಯಿತು, ಗಾಯ ಮಾಯಿತು, ಕಲೆ ಉಳಿಯಿತು. ದೀಪ ಕಾಣುತ್ತದೆ, ಮುಖ ಕಾಣುತ್ತದೆ, ಗುರಿಯ ಕರಿ ಚುಕ್ಕೆ ಮಾತ್ರ ಮಂಜಿನಲ್ಲಿ ಕರಗುತ್ತದೆ.

ಎಡಗಣ್ಣು ಚೆನ್ನಾಗಿದೆ. ಹಾಗಾದರೆ ಎಡ ಭುಜಕ್ಕೆ ಹಿಡಿ ಎಂದರು ಅವಳ ಕೋಚ್. ಮಕ್ಕಳೆಲ್ಲ ಅವರನ್ನು ಉಸಿರು ಸರ್ ಎನ್ನುತ್ತಾರೆ, ಬೆಳಗಿನಿಂದ ಸಂಜೆಯವರೆಗೆ ಅವರ ಬಾಯಲ್ಲಿ ಬರುವುದು ಅದೊಂದೇ ಮಾತು: ಉಸಿರು, ಉಸಿರು. ಮಗಳು ಇಡೀ ಬೇಸಗೆ ಎಡಕ್ಕೆ ಹಿಡಿದಳು. ಮೈ ಒಪ್ಪಲಿಲ್ಲ. ಬಲಕ್ಕೆ ಹಿಡಿದಾಗ ಕಂಬದ ಹಾಗೆ ನಿಲ್ಲುವವಳು ಎಡಕ್ಕೆ ಹಿಡಿದರೆ ಬಸ್ಸಿನಲ್ಲಿ ನಿಂತವಳ ಹಾಗೆ ತೂಗುತ್ತಿದ್ದಳು. ಅಷ್ಟರಲ್ಲಿ ತಂಡದ ಆಯ್ಕೆ ಹತ್ತಿರ ಬಂತು. ತಂಡಕ್ಕೆ ನಾಲ್ವರು. ಆ ನಾಲ್ವರಿಗೆ ಮಾತ್ರ ತಮ್ಮ ಮೈಗೆ ಹೊಂದಿಸಿಕೊಳ್ಳಲು ಒಂದೊಂದು ರೈಫಲ್; ಉಳಿದವರಿಗೆ ಎಲ್ಲರೂ ಮುಟ್ಟುವ ಸಾಮಾನ್ಯ ರೈಫಲ್ಲುಗಳು, ಅವುಗಳ ಮೇಲೆ ಒಬ್ಬರಿಗೆಂದು ಏನನ್ನೂ ಬಿಗಿಯುವಂತಿಲ್ಲ. ಆಯ್ಕೆಯ ದಿನದವರೆಗೆ ಮಾತ್ರ ಆ ನಿಯಮಕ್ಕೆ ಸಡಿಲಿಕೆ. ಅಂದರೆ ಈ ಸಲ ತಪ್ಪಿದರೆ ಎಡಗಣ್ಣಿನವಳಿಗೆ ಕ್ಲಬ್ಬಿನಲ್ಲಿ ಬಂದೂಕೇ ಇಲ್ಲ.

"ಸ್ಕೋಪೇ ಈ ಕಡೆ ಸರಿದು ಬಂದ್ರೆ?" ಎಂದು ಕೇಳಿದವಳು ಮಗಳೇ. ಊಟದ ತಟ್ಟೆಯ ಮೇಲೆ ಚಮಚ ಇಟ್ಟು, ಅದರ ಎಡಕ್ಕೆ ಇನ್ನೊಂದು ಚಮಚ ಇಟ್ಟು ತೋರಿಸಿದಳು. "ಭುಜ ಬಲಾನೇ ಇರಲಿ, ಕಣ್ಣು ಎಡ."

ನಾನು ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಲೋಹ ಕೆತ್ತುವ ಮಿಲ್ಲಿಂಗ್ ಮಷಿನ್ನಿನ ಮೇಲೆ ಕೆಲಸ ಮಾಡುವವಳು. ಮನೆಯ ಹಿಂದೆ ಬಟ್ಟೆ ಒಗೆಯುವ ಜಾಗದಲ್ಲಿ ನನ್ನದೇ ಒಂದು ಸಣ್ಣ ಮಷಿನ್ ಇದೆ. ಮುಚ್ಚಿಹೋದ ವರ್ಕ್‌ಶಾಪಿನಿಂದ ನನ್ನ ಗಂಡ ತನ್ನ ಲಾರಿಯಲ್ಲೇ ಹೇರಿಕೊಂಡು ಬಂದದ್ದು. ಅವರು ತಿಂಗಳಲ್ಲಿ ಅರ್ಧ ರಸ್ತೆಯ ಮೇಲೆ, ಅದು ತಿಂಗಳಿಡೀ ಮನೆಯಲ್ಲಿ. ಚಮಚ ನೋಡಿದ ಕೂಡಲೇ ನನ್ನ ಕೈ ತುರಿಸತೊಡಗಿತು.

ಅಳತೆ ತೆಗೆದದ್ದು ಅಡುಗೆಮನೆಯಲ್ಲಿ. ಮಗಳನ್ನು ಕಿಟಕಿಯ ಬೆಳಕಿಗೆ ಸ್ಟೂಲಿನ ಮೇಲೆ ಕೂರಿಸಿ, ಮಂಚದ ಕಾಲನ್ನು ಬಲ ಭುಜಕ್ಕೆ ಕೊಟ್ಟು, ಕೆನ್ನೆ ಇಡಲು ಹೇಳಿದೆ. ಮರದ ನಡುಗೆರೆಯಿಂದ ಎಡಗಣ್ಣಿನ ಪಾಪೆಯವರೆಗೆ ಎಷ್ಟು? ಸ್ಕೇಲು ಹಿಡಿದು ಅವಳ ಮುಖಕ್ಕೆ ಮುಖ ಕೊಟ್ಟು ಬಗ್ಗಿದೆ. ಅವಳಿಗೆ ನಗು ತಡೆಯಲಾಗಲಿಲ್ಲ.

"ಅಲ್ಲಾಡಬೇಡ. ನನ್ನನ್ನೇ ನೋಡು."

"ನಿನ್ನ ಮೂಗಿನ ಮೇಲೆ ಹಿಟ್ಟಿದೆ ಅಮ್ಮ."

"ಇರಲಿ. ನೋಡು."

ಅರವತ್ತೊಂದು ಮಿಲಿಮೀಟರ್. ಮೂರು ಸಲ ಅಳೆದೆ, ಮೂರು ಸಲವೂ ಅರವತ್ತೊಂದು. ಗೋಡೆಯ ಕ್ಯಾಲೆಂಡರಿನ ಹಿಂಬದಿಗೆ ಬರೆದಿಟ್ಟೆ.

ರೈಲನ್ನು ಎರಡು ತುಂಡಾಗಿ ಮಾಡಬೇಕೆಂದು ಮೊದಲೇ ಯೋಚಿಸಿದ್ದೆ. ಕೆಳಗಿನದು ಪಾದ: ರೈಫಲ್ಲಿನ ನೆತ್ತಿಯಲ್ಲಿರುವ ಎರಡು ಸಣ್ಣ ತೋಡುಗಳನ್ನು ಕಚ್ಚಿಕೊಂಡು ಕೂರುವ ತುಂಡು. ಮೇಲಿನದು ಎಡಕ್ಕೆ ಚಾಚಿಕೊಳ್ಳುವ ಹಲಗೆ. ಅದರ ತುದಿಯಲ್ಲಿ ಸ್ಕೋಪ್. ಎರಡನ್ನೂ ನಾಲ್ಕು ಸ್ಕ್ರೂಗಳಿಂದ ಬಿಗಿಯುವುದು. ಪಾದಕ್ಕೆ ಬೇಕಾದ ಅಚ್ಚನ್ನು ಕ್ಲಬ್ಬಿನಲ್ಲೇ ತೆಗೆದುಕೊಂಡಿದ್ದೆ, ಹಲ್ಲಿನ ಡಾಕ್ಟರು ಹಲ್ಲಿನ ಅಚ್ಚು ತೆಗೆಯುವ ಮೆತ್ತನೆ ಮುದ್ದೆಯಿಂದ. ಉಸಿರು ಸರ್ ರೈಫಲ್ ಹಿಡಿದು ನಿಂತಿದ್ದರು, ಮುದ್ದೆ ಗಟ್ಟಿಯಾಗುವವರೆಗೆ ಉಸಿರು ಬಿಡಲಿಲ್ಲ.

ಬೆಳಿಗ್ಗೆ ಶಿಫ್ಟಿಗೆ ಹೋಗುವ ಮುಂಚೆ ಒಂದಿಷ್ಟು, ಭಾನುವಾರ ಒಂದಿಷ್ಟು, ಹೀಗೆ ಕೆಲಸ ಸಾಗಿತು. ಅಲ್ಯೂಮಿನಿಯಂ ಮೆತ್ತನೆಯದು ಎಂದು ಸದರ ಮಾಡಿದರೆ ಕಟರಿನ ಹಲ್ಲಿಗೆ ಅಂಟಿಕೊಂಡು ಮೇಲ್ಮೈಯನ್ನೆಲ್ಲ ಪರಚಿಹಾಕುತ್ತದೆ. ಅದಕ್ಕೆ ಸೀಮೆಎಣ್ಣೆ ಹನಿಸುತ್ತಿರಬೇಕು. ಸೀಮೆಎಣ್ಣೆಯ ವಾಸನೆ ಬಟ್ಟೆಗೆ ಹತ್ತಿತು, ಲೋಹದ ಚೂರು ಟವೆಲ್ಲಿಗೆ ಹತ್ತಿತು.

"ಮುಖ ಒರೆಸ್ಕೊಂಡ್ರೆ ಮಿರಮಿರ ಮಿಂಚ್ತೀನಿ," ಎಂದರು ಅತ್ತೆ. "ಈ ವಯಸ್ಸಲ್ಲಿ ಯಾರಿಗೆ ತೋರಿಸ್ಲಿ?"

ಎಡಕ್ಕೆ ಚಾಚಿದ ಹಲಗೆ ಭಾರವಾದರೆ ರೈಫಲ್ ಎಡಕ್ಕೆ ವಾಲುತ್ತದೆ. ಆದ್ದರಿಂದ ಬೇಡದ ಕಡೆಯೆಲ್ಲ ತೂತು ಕೊರೆದು ಹಗುರ ಮಾಡಿದೆ. ಮುಗಿದಾಗ ಅದು ಜರಡಿಯ ಹಾಗಿತ್ತು, ಆದರೆ ಬಗ್ಗಿಸಿದರೆ ಬಗ್ಗದು. ಅಂಚುಗಳನ್ನು ಅರದಿಂದ ಸವರಿ, ಬೆರಳಾಡಿಸಿ ನೋಡಿ, ಹಳೆ ಕಾಲುಚೀಲದಲ್ಲಿ ಸುತ್ತಿ ಮಗಳ ಚೀಲಕ್ಕೆ ಹಾಕಿದೆ. ಪಾದ ರೈಫಲ್ಲಿನ ಮೇಲೆ ಸದ್ದಿಲ್ಲದೆ ಜಾರಿ ಕೂತಿತಂತೆ. ಉಸಿರು ಸರ್ "ಭೇಷ್" ಎಂದರಂತೆ.

"ಹೇಗಿದೆ?" ಎಂದೆ.

"ಚೆನ್ನಾಗಿದೆ."

"ಕಾಣ್ಸತ್ತಾ?"

"ಕಾಣ್ಸತ್ತೆ ಅಮ್ಮ."

ಮೂರ್ನಾಲ್ಕು ದಿನ ಹೀಗೇ ಹೋಯಿತು. ಅವಳು ತಂದು ತೋರಿಸುವ ಗುರಿ ಕಾಗದಗಳಲ್ಲಿ ತೂತುಗಳು ಅಲ್ಲೊಂದು ಇಲ್ಲೊಂದು, ಅಕ್ಕಿಯಲ್ಲಿ ಕಲ್ಲು ಎರಚಿದ ಹಾಗೆ. ಹೊಸ ರೈಲು, ರೂಢಿಯಾಗಬೇಕು ಎಂದುಕೊಂಡೆ. ಆಮೇಲೆ ಒಂದು ಸಂಜೆ ಅವಳು ತಲೆ ಬಾಚಿಕೊಳ್ಳುವಾಗ ಬಲಗೆನ್ನೆಯ ಮೇಲೆ ಕೆಂಪಗೆ ಒಂದು ಪಟ್ಟೆ ಕಂಡಿತು.

"ಏನೇ ಅದು?"

"ಏನಿಲ್ಲ."

"ಏನಿಲ್ದೆ ಕೆನ್ನೆ ಬಾತ್ಕೊಳ್ಳುತ್ತಾ? ಹೇಳು."

ಬಾಚಣಿಗೆ ಕೆಳಗಿಟ್ಟಳು. "ಒಂದು ಬದಿ ಕಪ್ಪಗೆ ಕಾಣ್ಸತ್ತೆ. ಅರ್ಧ ಚಂದ್ರನ ಥರ. ಕೆನ್ನೆ ಜೋರಾಗಿ ಒತ್ತಿದ್ರೆ ಸರಿಹೋಗತ್ತೆ. ಆದ್ರೆ ಒತ್ತಿದ್ರೆ ಕೈ ನಡುಗತ್ತೆ."

"ಮೊದಲೇ ಹೇಳೋಕೇನಾಗಿತ್ತು?"

"ನೀನು ಅಷ್ಟು ಕಷ್ಟ ಪಟ್ಟಿದ್ದೀಯಲ್ಲ."

"ನಾನು ಕಷ್ಟ ಪಟ್ಟಿದ್ದು ನೀನು ನೋಡ್ಲಿ ಅಂತ. ನನ್ನ ಮರ್ಯಾದೆ ಕಾಪಾಡು ಅಂತ ಅಲ್ಲ." ಮಾತು ಬೇಕಾದ್ದಕ್ಕಿಂತ ಗಟ್ಟಿಯಾಗಿಯೇ ಬಂತು. ಅವಳ ಕಣ್ಣು ತುಂಬಿತು, ನಾನು ನೋಡದವಳ ಹಾಗೆ ಅಳೆಯುವ ವರ್ನಿಯರ್ ಹುಡುಕಲು ಎದ್ದೆ. ಆಯ್ಕೆ ನಡೆಯುವುದು ಭಾನುವಾರ, ಅಂದು ಶುಕ್ರವಾರ.

ಬಸ್ಸು ಹಿಡಿದು ಇಬ್ಬರೂ ಕ್ಲಬ್ಬಿಗೆ ಹೋದೆವು. ಮಂಚದ ಕಾಲನ್ನೂ ತೆಗೆದುಕೊಂಡಿದ್ದೆ. ರೈಲನ್ನು ಬಿಚ್ಚಿಸಿ ಮೂಲೆಮೂಲೆ ಅಳೆದೆ. ನಾನು ಬರೆದುಕೊಂಡ ಅಳತೆಗೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಅಂದರೆ ಕೆಲಸ ತಪ್ಪಿಲ್ಲ, ಅಳತೆಯೇ ತಪ್ಪು. ಆದರೆ ಅಳೆದದ್ದು ನಾನೇ, ಅದೂ ಮೂರು ಸಲ.

ರೈಫಲ್ಲಿನ ಮುಂದೆ ನಿಂತು ಅಳೆಯಲು ಅಲ್ಲಿ ಯಾರೂ ಬಿಡುವುದಿಲ್ಲ. ಹಾಗಾಗಿ ಮಗಳನ್ನು ಕ್ಲಬ್ಬಿನೊಳಗಿನ ಉದ್ದನೆಯ ಓಣಿಯಲ್ಲಿ ನಿಲ್ಲಿಸಿ, ಭುಜಕ್ಕೆ ಮಂಚದ ಕಾಲು ಕೊಟ್ಟೆ. ಅವಳ ಜೊತೆಯ ಹುಡುಗಿಯರು ನೀರು ಕುಡಿಯುವ ನೆಪದಲ್ಲಿ ಬಂದು ನಿಂತರು.

"ಇದ್ರಲ್ಲೇ ಸ್ಪರ್ಧೆಗೆ ಬರ್ತೀಯೇನೇ?" ಎಂದಳು ಒಬ್ಬಳು.

"ಹೂಂ. ತಡ ಆದ್ರೆ ಮಲಗ್ಬಹುದು," ಎಂದಳು ಮಗಳು, ಕೆನ್ನೆ ಎತ್ತದೆ.

ಸ್ಕೇಲು ಹಿಡಿದು ಬಗ್ಗಿದೆ. ಆ ಕಡೆ ಓಣಿಯ ಕೊನೆಯಲ್ಲಿ ಉಸಿರು ಸರ್ ಬರುತ್ತಿದ್ದರು. ಮಗಳು ಅವರನ್ನು ನೋಡಿದಳು. ಸ್ಕೇಲಿನ ಮೇಲೆ ಅರವತ್ಮೂರು. ಕೈ ಅಲ್ಲಾಡಿರಬೇಕು ಎಂದು ಮತ್ತೆ ಹಿಡಿದು, "ನನ್ನ ಕಡೆ ನೋಡು" ಎಂದೆ. ಅರವತ್ತೊಂದು. "ಸರ್ ಕಡೆ ನೋಡು." ಅರವತ್ಮೂರು. "ನನ್ನ ಕಡೆ." ಅರವತ್ತೊಂದು.

ಉಸಿರು ಸರ್ ಬಂದು ಕೇಳಿಸಿಕೊಂಡರು. ಹತ್ತಿರದ್ದನ್ನು ನೋಡುವಾಗ ಕಣ್ಣು ಮೂಗಿನ ಕಡೆ ಒಳಗೆ ಸರಿಯುತ್ತದೆ. ಅಡುಗೆಮನೆಯಲ್ಲಿ ಅವಳ ಎದುರಿಗೆ ಗುರಿ ಇರಲಿಲ್ಲ, ಗೇಣು ದೂರದಲ್ಲಿ ನಾನಿದ್ದೆ. ಆ ಸ್ಕೋಪಿನಿಂದ ಕಣ್ಣಿಗೆ ಬರುವ ಬೆಳಕು ಸಾಸಿವೆ ಕಾಳಿನಷ್ಟು ಅಗಲ; ಅದರಲ್ಲಿ ಎರಡು ಮಿಲಿಮೀಟರ್ ತಪ್ಪಿದರೆ ಉಳಿಯುವುದೇನು?

"ತೂತುಗಳನ್ನ ಅರದಲ್ಲಿ ಸ್ವಲ್ಪ ಉದ್ದ ಮಾಡಿದ್ರೆ?" ಎಂದರು ಅವರು. "ಹಲಗೆ ಎರಡು ಮಿಲಿಮೀಟರ್ ಸರಿಯತ್ತೆ. ಭಾನುವಾರ ಒಂದು ದಿನ ತಡೆದ್ರೆ ಸಾಕು ಮೇಡಂ."

"ಉದ್ದ ತೂತಲ್ಲಿ ಸ್ಕ್ರೂ ನಿಲ್ಲಲ್ಲ ಸರ್. ಹತ್ತು ಗುಂಡಿಗೆ ಒಂದು ಸಲ ಕೂದಲಷ್ಟು ಸರಿದ್ರೂ ಅವಳು ತನ್ನ ಕೈಯನ್ನೇ ಬೈಕೋತಾಳೆ."

"ಪಕ್ಕದಲ್ಲಿ ಹೊಸ ತೂತು?"

ಹಲಗೆ ತಿರುಗಿಸಿ ತೋರಿಸಿದೆ. ಹಗುರ ಮಾಡಲು ಹೋಗಿ ನಾನೇ ಎಲ್ಲ ಕಡೆ ಕೊರೆದುಹಾಕಿದ್ದೆ. ಹೊಸ ತೂತಿಗೆ ಜಾಗವೇ ಇರಲಿಲ್ಲ. "ಹೊಸದೇ ಮಾಡ್ತೀನಿ," ಎಂದೆ.

"ನಾಡಿದ್ದೇ ಆಯ್ಕೆ."

"ನಡುವೆ ನಾಳೆ ಇದೆಯಲ್ಲ ಸರ್."

ಕಾರ್ಖಾನೆಗೆ ಫೋನ್ ಮಾಡಿ ಶನಿವಾರ ರಜೆ ಹೇಳಿದೆ. ಮನೆಯಲ್ಲಿ ಅಲ್ಯೂಮಿನಿಯಂ ಮುಗಿದಿತ್ತು, ಲೋಹದ ಅಂಗಡಿ ಇನ್ನು ತೆರೆಯುವುದು ಸೋಮವಾರ. ಇದ್ದದ್ದು ಒಂದೇ: ಚಿಕ್ಕ ಚಿಕ್ಕ ಕೆಲಸಗಳನ್ನು ಹಿಡಿದಿಡಲು ಮಷಿನ್ ಮೇಲೆ ನಾನೇ ಕೂರಿಸಿಕೊಂಡಿದ್ದ ದಪ್ಪ ಅಲ್ಯೂಮಿನಿಯಂ ತಟ್ಟೆ. ವರ್ಷಗಟ್ಟಲೆ ಅದರ ಮೇಲೆ ಕೆಲಸ ಮಾಡಿ ಅದರ ಒಂದೊಂದು ಗೀರೂ ನನಗೆ ಗೊತ್ತು. ಅದನ್ನೇ ಬಿಚ್ಚಿ ಗರಗಸಕ್ಕೆ ಕೊಟ್ಟೆ. ಹಲ್ಲು ಕಚ್ಚಿ ಕೊಯ್ದೆ.

ಬಲಗೈ ಕಟರಿನ ಹಿಡಿಯ ಮೇಲೆ, ಎಡಗೈ ಮೇಜಿನ ಚಕ್ರದ ಮೇಲೆ. ಸೀಮೆಎಣ್ಣೆ ಹನಿಸಲು ಮೂರನೆಯ ಕೈ ಬೇಕಿತ್ತು. ಪ್ರತಿ ಸಲ ನಿಲ್ಲಿಸಿ ಬ್ರಷ್ ಎತ್ತಿಕೊಳ್ಳುವುದನ್ನು ಅತ್ತೆ ಬಾಗಿಲಿನಿಂದ ನೋಡುತ್ತಲೇ ಇದ್ದರು.

"ಕೊಡಿಲ್ಲಿ," ಎಂದು ಬ್ರಷ್ ಕಿತ್ತುಕೊಂಡರು. "ಹೇಗೆ, ರೊಟ್ಟಿಗೆ ಎಣ್ಣೆ ಹಾಕ್ದಂಗಾ?"

"ಅದಕ್ಕಿಂತ ಕಮ್ಮಿ. ಬೆರಳು ಮಾತ್ರ ದೂರ ಇರಲಿ ಅತ್ತೆ."

"ನನ್ನ ಬೆರಳಿನ ಚಿಂತೆ ನನಗಿದೆ. ನೀನು ತಿರುಗಿಸು."

ಕನ್ನಡಕ ಹಾಕಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತರು. ಮಧ್ಯಾಹ್ನದ ಊಟದ ಹೊತ್ತು ಮೀರಿತು. ಒಂದು ಸಲ ಕಟರ್ ಕಿರ್ ಎಂದಾಗ ನನಗಿಂತ ಮೊದಲು ಅವರೇ "ನಿಲ್ಸು, ಸದ್ದು ಬದಲಾಯ್ತು" ಎಂದರು. ಹಲ್ಲಿಗೆ ಲೋಹ ಅಂಟಿಕೊಂಡಿತ್ತು. ಬಿಡಿಸಿ ಮತ್ತೆ ಹಿಡಿದೆವು. ಸ್ಕ್ರೂ ತೂತುಗಳನ್ನು ಕೊನೆಗೆ ಕೊರೆದೆ: ಅರವತ್ಮೂರು. ಈ ಸಲ ಹಗುರ ಮಾಡುವ ತೂತುಗಳನ್ನು ಅರ್ಧಕ್ಕೆ ನಿಲ್ಲಿಸಿ, ಒಂದು ಬದಿಯಲ್ಲಿ ಗಟ್ಟಿ ಲೋಹ ಹಾಗೇ ಬಿಟ್ಟೆ, ಮತ್ತೆ ತಪ್ಪಾದರೆ ಕೊರೆಯಲು. ತಪ್ಪು ಒಂದೇ ಸಲ ಬರುತ್ತದೆಂದು ಯಾರೂ ಬರೆದುಕೊಟ್ಟಿಲ್ಲವಲ್ಲ.

ಸಂಜೆಗೆ ಕ್ಲಬ್ಬಿನಲ್ಲಿ ಬಿಗಿದೆವು. ಮಗಳು ನಿಂತು ರೈಫಲ್ಲನ್ನು ಭುಜಕ್ಕೆ ಕೊಟ್ಟು ಕೆನ್ನೆ ಇಟ್ಟಳು. ಸುಮ್ಮನೆ ಇಟ್ಟಳು, ದಿಂಬಿನ ಮೇಲೆ ಇಡುವ ಹಾಗೆ.

"ಏನಾಯ್ತೇ? ಚಂದ್ರ ಇದೆಯಾ?"

"ಇಲ್ಲ," ಎಂದಳು. "ಪೂರ್ತಿ ಬೆಳಕು."

ಭಾನುವಾರ ಬೆಳಿಗ್ಗೆ ಸಾಮಾನು ಪರೀಕ್ಷಿಸುವ ಮೇಜಿನ ಹಿಂದಿದ್ದ ಹೆಂಗಸು ಆ ಓರೆ ರೈಲನ್ನು ಎರಡು ಸಲ ತಿರುಗಿಸಿ ನೋಡಿದರು. ತೂಗಿದರು. ಸ್ಕೋಪನ್ನು ಹಿಡಿದು ಎಳೆದರು. ಅದು ಮಿಸುಕಲಿಲ್ಲ. ಚೀಟಿ ಅಂಟಿಸಿ ಒಳಗೆ ಬಿಟ್ಟರು.

ನಾವು ಮನೆಯವರು ಗಾಜಿನ ಈಚೆ. ಮಗಳ ಬೆನ್ನು, ಹಿಮ್ಮಡಿ ಮಾತ್ರ ಕಾಣುತ್ತಿತ್ತು. ಮೊದಲ ಹತ್ತು ಗುಂಡು ಮುಗಿದಾಗ ಫಲಕದ ಮೇಲೆ ಅವಳ ಹೆಸರು ಏಳನೆಯದು. ಸ್ಕೋಪ್ ಹೊಸದಾಗಿ ಕೂತದ್ದು, ಅವಳು ತಿರುಪು ತಿರುಗಿಸುತ್ತ ಇದ್ದಳು. ಎರಡನೆಯ ಹತ್ತಕ್ಕೆ ಐದನೆಯದು. ಮೂರನೆಯದಕ್ಕೂ ಐದನೆಯದೇ. ಕೊನೆಯ ಸಾಲು, ನಾಲ್ಕನೆಯ ಹತ್ತು, ಶುರುವಾಗುವ ಮುಂಚೆ ಅವಳು ರೈಫಲ್ ಕೆಳಗಿಟ್ಟಳು. ಎಲ್ಲ ಮುಗಿಯಿತೇನೋ ಎಂದುಕೊಂಡೆ. ಅವಳು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಕತ್ತು ಆ ಕಡೆ ಈ ಕಡೆ ಆಡಿಸಿ, ಮತ್ತೆ ಎತ್ತಿಕೊಂಡಳು. ಆ ಸಾಲಿನ ಹತ್ತರಲ್ಲಿ ಒಂಬತ್ತು ನಡುವಿಗೇ ಬಿದ್ದವು. ಉಳಿದದ್ದು ನಡುವಿನ ಗೆರೆ ಮುಟ್ಟಿತು. ಫಲಕ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಹೆಸರುಗಳು ಮೇಲೆಕೆಳಗಾದವು.

ನಾಲ್ಕನೆಯವಳು ಅವಳು. ಐದನೆಯವಳಿಗೂ ಅವಳಿಗೂ ಒಂದೇ ಅಂಕದ ಅಂತರ.

ಫೋನಿನಲ್ಲಿ ಅತ್ತೆಗೆ ಹೇಳಿದೆ. "ನಾಲ್ಕನೇದಾ? ಮೂರು ಜನ ಯಾರವ್ರು?" ಎಂದರು.

ರೈಫಲ್ಲುಗಳನ್ನು ಕಪಾಟಿಗೆ ಇಡುವ ಹೊತ್ತಿಗೆ ನಾನು ರೈಲು ಬಿಚ್ಚಿಕೊಳ್ಳಲು ಚೀಲದಿಂದ ಸ್ಕ್ರೂ ಬಿಚ್ಚುವ ಕೀ ತೆಗೆದೆ. ಉಸಿರು ಸರ್ ತಡೆದರು. "ಯಾಕೆ ಬಿಚ್ತೀರಿ? ಇನ್ನು ಇದು ಅವಳದೇ ರೈಫಲ್. ಹಾಗೇ ಇರಲಿ."

"ಹಾಗಾದ್ರೆ ಸ್ಕ್ರೂಗಳಿಗೆ ಗುರುತು ಹಾಕ್ಬೇಕು," ಎಂದೆ. "ಸಡಿಲ ಆದ್ರೆ ಗೊತ್ತಾಗೋ ಹಾಗೆ. ಬಣ್ಣ ಇದೆಯಾ?"

ಅವರ ಹತ್ತಿರ ಇರಲಿಲ್ಲ. ಮಗಳು ತನ್ನ ಜೊತೆಯ ಹುಡುಗಿಯಿಂದ ಉಗುರುಬಣ್ಣದ ಶೀಸೆ ಇಸಿದುಕೊಂಡು ಬಂದಳು, ಕಡುಗೆಂಪು. ನಾಲ್ಕು ಸ್ಕ್ರೂಗಳನ್ನೂ ಇನ್ನೊಮ್ಮೆ ಬಿಗಿದು ನೋಡಿದೆ. ಆಮೇಲೆ ಒಂದೊಂದರ ತಲೆಯಿಂದ ಹಲಗೆಯ ಮೇಲಕ್ಕೆ ತೆಳುವಾಗಿ ಒಂದೊಂದು ಗೆರೆ ಎಳೆದೆ. ಮಗಳು ಪಕ್ಕದಲ್ಲಿ ಮಂಡಿಯೂರಿ ಕೂತು, ಗೆರೆ ಒಣಗಲಿ ಎಂದು ಊದತೊಡಗಿದಳು.