ಉತ್ತರದ ಕಡೆಯ ಏಪ್ರಿಕಾಟ್

ನಮ್ಮೂರಿನಲ್ಲಿ ಏಪ್ರಿಕಾಟ್ ಗಿಡವನ್ನು ಮನೆಯ ದಕ್ಷಿಣದ ಗೋಡೆಗೆ ಒತ್ತಿಯೇ ನೆಡುತ್ತಾರೆ, ಬಿಸಿಲಿಗೆ ಬೆಚ್ಚಗಿರಲಿ ಎಂದು. ಬೆಚ್ಚಗಿದ್ದ ಮರ ಮಾರ್ಚಿನಲ್ಲೇ ಹೂಬಿಡುತ್ತದೆ; ಏಪ್ರಿಲ್‌ನ ಕೊರೆಚಳಿ ಬಂದು ಹೂವನ್ನೆಲ್ಲ ಸುಡುತ್ತದೆ. ಏಳು ಸಾವಿರ ಅಡಿ ಎತ್ತರದ, ಚಳಿಗಾಲದಲ್ಲಿ ಹಿಮ ಬೀಳುವ ಮರುಭೂಮಿ ಇದು. ಹಣ್ಣು ಆರೇಳು ವರ್ಷಕ್ಕೊಮ್ಮೆ, ಗೊಣಗಾಟ ಪ್ರತಿ ವರ್ಷ. ಆದರೂ ಯಾರೂ ಗೋಡೆ ಬದಲಿಸಿರಲಿಲ್ಲ.

ಡೆಲ್ಫಿನಾ ಆರ್ಚುಲೆಟಾ ಬದಲಿಸಿದಳು. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು, ಗಂಡ ತೀರಿಕೊಂಡ ಮೇಲೆ ಮನೆಯ ಸುತ್ತಲಿನ ಬರಡು ಅಂಗಳವನ್ನು ತಾನೇ ತೋಟ ಮಾಡಲು ಹೊರಟಳು. ಅಂಗಳದಲ್ಲಿ ಮೈದುನ ಒನೆಸಿಮೊನಿಗೂ ಪಾಲಿತ್ತು. ಅವನ ಸ್ವಂತ ಅಂಗಳದ ತುಂಬ ಜಲ್ಲಿ. ಜಲ್ಲಿ ನೀರು ಕೇಳುವುದಿಲ್ಲ, ಸಾಯುವುದೂ ಇಲ್ಲ ಎಂಬುದು ಅವನ ತೋಟಗಾರಿಕೆ.

ಆ ಚಳಿಗಾಲ ಪೂರ್ತಿ ಅವಳು ಹಿಮದ ಅಂಚಿಗೆ ಗೂಟ ನೆಡುತ್ತ, ಕ್ಯಾಲೆಂಡರಿನ ಹಿಂಬದಿಯಲ್ಲಿ ನಕ್ಷೆ ಬರೆದಳು.

“ಏನತ್ತಿಗೆ, ಈ ವರ್ಷ ಗೂಟದ ಬೆಳೆನಾ?”

“ಹಿಮ ಕೊನೇಗೆ ಎಲ್ಲಿ ಕರಗತ್ತೆ ಅಂತ ನೋಡ್ತಿದೀನಿ.”

“ಕರಗಿದ ಮೇಲೆ ಎಲ್ಲ ಒಂದೇ ಅಲ್ವಾ?”

“ಬಸ್ಸು ಓಡಿಸಿದೋಳು ಕಣಯ್ಯ ನಾನು, ನೆರಳಿನ ತಿರುವಲ್ಲಿ ಹಿಮ ಎಷ್ಟು ದಿನ ಕೂತಿರತ್ತೆ ಅಂತ ಗೊತ್ತು. ಒಂದೇ ಅಲ್ಲ.”

ವಸಂತ ಬಂದಾಗ ನಕ್ಷೆ ಅಂಗಳಕ್ಕಿಳಿಯಿತು: ಸೂರಿನ ನೀರಿಗೆ ಓರೆಯಾಗಿ ಒಂದು ಕಾಲುವೆ, ಗಾಳಿ ಬೀಸುವ ಪಡುವಣಕ್ಕೆ ಕಾಡುಪೊದೆಗಳ ಸಾಲು. ಏಪ್ರಿಕಾಟ್ ಮಾತ್ರ ಉತ್ತರಕ್ಕೆ, ಮನೆಯ ನೆರಳಿನಲ್ಲಿ ಮಾರ್ಚ್ ಮುಗಿಯುವವರೆಗೂ ಹಿಮ ಕೂತಿರುವ ಜಾಗಕ್ಕೆ.

“ನೆರಳಲ್ಲಿ ಏಪ್ರಿಕಾಟಾ! ಹೊರಗಡೆ ಹೇಳ್ಬೇಡಿ, ಮನೆತನದ ಮರ್ಯಾದೆ.”

“ಬೇಸಿಗೇಲಿ ಸೂರ್ಯ ನೆತ್ತಿಗೆ ಬಂದಾಗ ನೆರಳೇ ಇರಲ್ಲ ಅಲ್ಲಿ. ಅಲ್ಲೀತನಕ ಮಲಗಿರ್ಲಿ ಬಿಡು. ಊರಿನ ಮರಗಳು ಕೆಡ್ತಿರೋದೇ ಬೇಗ ಎದ್ದು.”

“ನಾಲ್ಕು ವರ್ಷ ಕೊಟ್ಟೆ. ಹಣ್ಣು ಕಾಣ್ಲಿಲ್ವೋ, ಈ ಅಂಗಳಕ್ಕೂ ಜಲ್ಲಿ ಲಾರಿ ಬರತ್ತೆ.”

“ಬರ್ಲಿ,” ಎಂದಳು. ಆದರೆ ಆ ವಾರವೆಲ್ಲ ಅವಳಿಗೆ ಊಟ ಸೇರಲಿಲ್ಲ.

ನಾಲ್ಕನೆಯ ಮಾರ್ಚಿನಲ್ಲಿ ಊರೆಲ್ಲ ಹೂವು. ಅವಳ ಮರ ಮಾತ್ರ ಬೋಳು. ಒನೆಸಿಮೊ ಬಂದು ಕಾಂಡ ತಟ್ಟಿ ನೋಡಿದ. “ಪೊರಕೆ ಚೆನ್ನಾಗಿ ಬಂದಿದೆ,” ಎಂದು ಹೋಗಿ ಆಗಸ್ಟಿಗೆ ಬರುವಂತೆ ಜಲ್ಲಿ ಲಾರಿಗೆ ಹೇಳಿದ.

ಏಪ್ರಿಲ್ ಹದಿನಾಲ್ಕರ ರಾತ್ರಿ ಕೊರೆಚಳಿ ಬಿತ್ತು. ಬೆಳಗಾದಾಗ ಊರಿನ ಹೂವೆಲ್ಲ ಕಾಫಿ ಚರಟದ ಬಣ್ಣ. ಡೆಲ್ಫಿನಾ ಚಪ್ಪಲಿಯನ್ನೂ ಮೆಟ್ಟದೆ ಮನೆಯ ಉತ್ತರಕ್ಕೆ ಓಡಿದಳು. ಮೊಗ್ಗುಗಳು ಇನ್ನೂ ಬಿಗಿಯಾಗಿ ಮುಚ್ಚಿಕೊಂಡಿದ್ದವು. ಹತ್ತು ದಿನ ಬಿಟ್ಟು ಅರಳಿದವು. ಬೇರೆ ಕೆಲಸವಿಲ್ಲದ ಇಡೀ ಊರಿನ ಜೇನುಹುಳಗಳು ಅಲ್ಲೇ ಬಂದು ಬಿದ್ದವು.

ಜುಲೈಯಲ್ಲಿ ಹಣ್ಣಿನ ಭಾರಕ್ಕೆ ಕೊಂಬೆಗಳಿಗೆ ಊರುಗೋಲು ಕೊಡಬೇಕಾಯಿತು. ಒನೆಸಿಮೊ ಒಂದು ಹಣ್ಣು ತಿಂದ. ಇನ್ನೊಂದು ತಿಂದ.

“ಸ್ವಲ್ಪ ಹುಳಿ,” ಎಂದ, ನಾಲ್ಕನೆಯದನ್ನು ಬಾಯಿಗಿಡುತ್ತ. “ಲಾರಿಯವನಿಗೆ ಬೇಡ ಅಂದ್ಬಿಟ್ಟೆ, ಅತ್ತಿಗೆ.”

“ಯಾವಾಗ?”

“ಈಗ ಹೇಳ್ತೀನಿ.”

ಬೇಲಿಯಾಚೆ ಅರ್ಧ ಊರು ದಾರಿಹೋಕರ ಮುಖ ಮಾಡಿಕೊಂಡು ನಿಂತಿತ್ತು. ಡೆಲ್ಫಿನಾ ಸ್ಟೂಲು ಹತ್ತಿ ಕೂಗಿದಳು: “ನಿಂತು ನೋಡೋರೆಲ್ಲ ಬುಟ್ಟಿ ತನ್ನಿ!”

ಯಾರೂ ಮನೆಗೆ ಹೋಗಬೇಕಾಗಲಿಲ್ಲ. ಬುಟ್ಟಿಗಳು ಅವರ ಬೆನ್ನ ಹಿಂದೆಯೇ ಇದ್ದವು.