ಹೆಸರುಗಳು ಮುಗಿಯುವ ಮೊದಲೇ

ಪ್ರಿವ್ಯೂ ದಿನ ನನ್ನ ಕೆಲಸ ಬಾಗಿಲ ಬಳಿ ನಿಲ್ಲುವುದು. ಬಂದವರಿಗೆ ತಲೆಬಾಗಿ ಚಿತ್ರದ ಕರಪತ್ರ ಕೊಡಬೇಕು, ಮುಗಿದ ಮೇಲೆ ಮತ್ತೆ ತಲೆಬಾಗಿ ಅವರ ಮುಖ ನೋಡಬೇಕು. ಮುಖ ನೋಡುವುದೇ ನಿಜವಾದ ಕೆಲಸ. ಒಸಾಕಾದ ಈ ಪುಟ್ಟ ಪ್ರಚಾರ ಕಚೇರಿಗೆ ಸೇರಿದ ದಿನವೇ ಮುಖ್ಯಸ್ಥ ಇನಾಬ ಹೇಳಿದ್ದರು: "ಪತ್ರಿಕೆಯವರಾಗ್ಲಿ, ಥಿಯೇಟರಿನವರಾಗ್ಲಿ, ಹೊರಗೆ ಬಂದು ಬಾಯಿ ಬಿಡಲ್ಲ. ‘ಶ್ರಮ ಆಯ್ತು ನಿಮಗೆ’ ಅಂತಾರೆ, ಹೋಗ್ತಾರೆ. ಲಿಫ್ಟಲ್ಲೂ ಮಾತಾಡಲ್ಲ. ನೀನು ಮುಖ ಓದ್ಬೇಕು ಕಣಮ್ಮ." ಯಾರ ಮುಖವನ್ನೂ ನೆಟ್ಟಗೆ ನೋಡಲಾರದೆ ಕಾಲೇಜಿನ ದಿನಗಳನ್ನೆಲ್ಲ ಗ್ರಂಥಾಲಯದ ಮೂಲೆಯಲ್ಲಿ ಕಳೆದವಳಿಗೆ ಸಿಕ್ಕ ಕೆಲಸ ಇದು.

ಆ ಗುರುವಾರದ ಚಿತ್ರ ‘ಉಪ್ಪಿನ ಗೋದಾಮು’, ಕಚೇರಿಯಲ್ಲಿ ನಾನು ಆಗಲೇ ನೋಡಿದ್ದು. ನಿರ್ದೇಶಕ ಕುರಮೋಚಿಯವರಿಗೆ ಐವತ್ತು ದಾಟಿದೆ. ವಾಕಾಯಾಮದಲ್ಲಿ ಶಾಲೆಯ ಬಸ್ಸು ಓಡಿಸುತ್ತಾರೆ. ಮಕ್ಕಳಿಗೆ ರಜೆ ಬಂದಾಗಲೆಲ್ಲ ಒಂದಿಷ್ಟು ಒಂದಿಷ್ಟು ಚಿತ್ರೀಕರಿಸಿ ಮಾಡಿದ ಮೊದಲ ಚಿತ್ರ. ಥಿಯೇಟರುಗಳು ಒಂದಾದ ಮೇಲೊಂದು ಹೊಗಳಿ ಹೊಗಳಿ ಕೈಬಿಟ್ಟಿದ್ದವು. ಉಳಿದದ್ದು ಕ್ಯೋಟೋದ ಒಂದು ಸಣ್ಣ ಥಿಯೇಟರು, ಅದರ ಒಡತಿ ಮಿಬು ಮೇಡಂ. ನವೆಂಬರಿನ ಒಂದು ವಾರವನ್ನು ಅವರು ಈ ಚಿತ್ರಕ್ಕೆಂದು ಖಾಲಿ ಇಟ್ಟುಕೊಂಡಿದ್ದರು. ಅವರು ಒಪ್ಪಿದರೆ ನಗೋಯ, ಹಿರೋಷಿಮದವರು ಕತ್ತೆತ್ತಿ ನೋಡುತ್ತಾರೆ. ಒಪ್ಪದಿದ್ದರೆ ಚಿತ್ರ ಈ ಪ್ರಿವ್ಯೂ ಕೋಣೆಯ ಆಚೆ ಎಲ್ಲಿಗೂ ಹೋಗುವುದಿಲ್ಲ.

ಕುರಮೋಚಿ ಒಳಗೆ ಕೂರಲಾರದೆ ನನ್ನ ಜೊತೆ ಹೊರಗೇ ನಿಂತಿದ್ದರು. ಹೊಸ ಬೂಟು ಕಚ್ಚುತ್ತಿತ್ತೋ ಏನೋ, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಲೇ ಇದ್ದರು.

"ಒಗಿನೊ ಅವರೇ, ಒಳಗೆ ಯಾರಾದ್ರೂ ಕೆಮ್ಮಿದ್ರಾ?"

ಬಾಗಿಲಿಗೆ ಕಿವಿಯಿಟ್ಟೆ. "ಇಲ್ಲ."

"ಹಂಗಾದ್ರೆ ನಿದ್ದೆ ಮಾಡ್ತಿದಾರೆ."

"ಹಾಗೇನಿಲ್ಲ…"

"ನನ್ನ ಬಸ್ಸಲ್ಲಿ ಸದ್ದು ನಿಂತ್ರೆ ಅದೇ ಅರ್ಥ."

ಕೊನೆಯ ಹಾಡು ಶುರುವಾಯಿತು. ತೆರೆಯ ಮೇಲೆ ಈಗ ಹೆಸರುಗಳು ಮೇಲೇರುತ್ತಿರಬೇಕು. ನಮ್ಮಲ್ಲಿ ಕಟ್ಟಕಡೆಯ ಹೆಸರು ಹೋಗಿ ದೀಪ ಹತ್ತುವವರೆಗೂ ಯಾರೂ ಏಳುವುದಿಲ್ಲ. ಇಡೀ ಚಿತ್ರ ಗೊರಕೆ ಹೊಡೆದವನೂ ಆ ಹೊತ್ತಿಗೆ ಎಚ್ಚೆತ್ತು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾನೆ. ಆಗಲೇ ಬಾಗಿಲು ತೆರೆಯಿತು.

ಮಿಬು ಮೇಡಂ. ಮುಖದ ಅರ್ಧಕ್ಕೆ ಕರವಸ್ತ್ರ. ನಾನು ಬಾಗಿದೆ. ತಲೆ ಎತ್ತುವಷ್ಟರಲ್ಲಿ ಅವರು ಕುರಮೋಚಿಯವರಿಗೆ ನಡೆಯುತ್ತಲೇ ತಲೆಬಾಗಿಸಿ, ಲಿಫ್ಟಿಗೂ ಕಾಯದೆ ಮೆಟ್ಟಿಲು ಹಿಡಿದಿದ್ದರು. ಒಂದು ರೆಪ್ಪೆ ಬಡಿಯುವಷ್ಟು ಹೊತ್ತು ಕಣ್ಣು ಕಂಡಿತು. ಒದ್ದೆಯಾಗಿತ್ತೇ? ಕಾರಿಡಾರಿನ ದೀಪದ ಹೊಳಪೇ?

"ಮುಗೀತಾ?" ಎಂದರು ಕುರಮೋಚಿ.

"ಇನ್ನೂ ಹೆಸರುಗಳು ಬರ್ತಿವೆ."

ಅವರು ಬೂಟು ನೋಡಿಕೊಂಡರು. ಆಮೇಲೆ ಹೊರಬಂದ ಒಬ್ಬೊಬ್ಬರಿಗೂ ಸೊಂಟ ಬಗ್ಗಿಸಿ ವಂದಿಸಿದರು, ಯಾರನ್ನೂ ನೋಡಲಿಲ್ಲ.

ಕಚೇರಿಗೆ ಮರಳಿದಾಗ ಇನಾಬ ಆಕ್ಟೋಪಸ್ ಚೂರು ತುಂಬಿದ, ತಣ್ಣಗಾದ ಹಿಟ್ಟಿನ ಉಂಡೆಯನ್ನು ಕಡ್ಡಿಗೆ ಚುಚ್ಚಿಕೊಂಡು ಕೂತಿದ್ದರು.

"ಎದ್ದು ಹೋದ್ರಾ? ಹೆಸರು ಬರ್ತಿರೋವಾಗ?"

"ಹೌದು, ಆದ್ರೆ—"

"ಮುಗೀತು ಬಿಡು. ಕ್ಯೋಟೋದವರು ಬೇಡ ಅಂತ ಬಾಯಿಬಿಟ್ಟು ಹೇಳಲ್ಲ ಕಣಮ್ಮ. ಅವರ ಮನೆ ಬೆಕ್ಕೂ ಹೇಳಲ್ಲ. ಹೀಗೆ ಹೇಳೋದು." ಉಂಡೆ ಬಾಯಿಗೆ ಹಾಕಿಕೊಂಡರು. "ಪಾಪ, ಆಯಮ್ಮನ ಬಾಯಲ್ಲಿ ‘ಇಲ್ಲ’ ಅನ್ನಿಸೋ ಕಷ್ಟ ಯಾಕೆ ಕೊಡೋದು? ನಾವೇ ವಾಪಸ್ ತಗೊಳ್ಳೋಣ. ಮುಂದಿನ ಚಿತ್ರಕ್ಕೂ ಮುಖ ತೋರಿಸ್ಬೇಕಲ್ಲ."

"ಅವರು ಅತ್ತಿದ್ರು ಅನ್ಸುತ್ತೆ," ಎಂದೆ.

"ಏನು?"

ನನ್ನ ದನಿ ಯಾವಾಗಲೂ ಮೇಜಿನ ಅಂಚಿಗೇ ಬಿದ್ದುಹೋಗುತ್ತದೆ. ಎರಡನೇ ಸಲಕ್ಕೆ ಉಸಿರು ಕೂಡಿಸಿಕೊಳ್ಳುವಷ್ಟರಲ್ಲಿ ಇನಾಬ ಮಿಬು ಮೇಡಂಗೆ ಫೋನ್ ಹಚ್ಚಿ, ಆ ಫೋನಿಗೇ ತಲೆಬಾಗಿಸುತ್ತಿದ್ದರು. "ತಮಗೆ ತೊಂದರೆ ಕೊಟ್ಟೆವು… ಅಯ್ಯೋ, ಹಾಗಲ್ಲ… ಆ ಮಾತು ಇಲ್ಲಿಗೇ ಬಿಟ್ಟುಬಿಡಿ…" ಎಷ್ಟು ನಯವಾಗಿ ಹೇಳಿದರೆಂದರೆ, ಫೋನ್ ಇಟ್ಟ ಮೇಲೆ ತಮಗೆ ತಾವೇ ತಲೆದೂಗಿಕೊಂಡರು.

ಕುರಮೋಚಿಯವರಿಗೆ ಸುದ್ದಿ ಮುಟ್ಟಿಸುವ ಕೆಲಸ ನನ್ನದಾಯಿತು. ಅವರು, "ಸರಿ. ನಾಳೆ ಮಕ್ಕಳಿಗೆ ಶಾಲೆ ಇದೆ," ಎಂದರು, ಆ ಎರಡಕ್ಕೂ ಸಂಬಂಧವಿರುವ ಹಾಗೆ. ಚಿತ್ರವಿರುವ ಡಿಸ್ಕನ್ನು ಅಂಚೆಯಲ್ಲಿ ಕಳಿಸಿಬಿಡಿ ಎಂದರು.

ಮನೆಗೆ ಹೋಗಿ ದಿನಚರಿಯಲ್ಲಿ ‘ಒದ್ದೆ’ ಎಂದು ಬರೆದೆ. ಅದನ್ನು ಹೊಡೆದು ‘ಬೆಳಕು’ ಎಂದು ಬರೆದೆ. ಮತ್ತೆ ‘ಒದ್ದೆ’. ಸ್ನಾನದ ತೊಟ್ಟಿಗೆ ನೀರು ತುಂಬಿಸಿ, ಇಳಿಯದೆ, ಹಾಗೇ ಬಿಟ್ಟೆ. ಅನ್ನ ತಟ್ಟೆಯಲ್ಲೇ ಆರಿತು. ಬೆಳಿಗ್ಗೆ ಕಚೇರಿಯಲ್ಲಿ ಡಿಸ್ಕಿನ ಪೆಟ್ಟಿಗೆಗೆ ಟೇಪು ಸುತ್ತಿದರೆ ಓರೆಯಾಗಿ ಅಂಟಿತು. ಕಿತ್ತೆ, ಮತ್ತೆ ಸುತ್ತಿದೆ, ಮತ್ತೆ ಓರೆ. "ಅಂಚೆಗೆ ಹೋಗಿ ಬರ್ತೀನಿ" ಎಂದು ಹೊರಟವಳು ಅಂಚೆ ಕಚೇರಿಯ ಮುಂದಿನಿಂದಲೇ ಹಾದು, ನಿಲ್ಲದೆ ನಡೆದು, ಕ್ಯೋಟೋ ಕಡೆಯ ರೈಲು ಹತ್ತಿದೆ.

ರೈಲಿನಲ್ಲಿ ಒಂದು ಕಡೆ ಕೂರಲಾಗಲಿಲ್ಲ. ಕಿಟಕಿಯ ಸೀಟು ಬಿಟ್ಟು ಬಾಗಿಲಿಗೆ, ಬಾಗಿಲು ಬಿಟ್ಟು ಮುಂದಿನ ಡಬ್ಬಿಗೆ. ಮೊದಲ ವಾಕ್ಯ ಹೊಂದಿಸುತ್ತಿದ್ದೆ. ‘ಕ್ಷಮಿಸಿ, ನೀವು ಅತ್ತಿದ್ದು ನಿಜವೇ?’ ಛೇ, ಯಾರಾದರೂ ಹೀಗೆ ಕೇಳುತ್ತಾರೆಯೇ?

ಥಿಯೇಟರು ಅಂಗಡಿ ಸಾಲಿನ ನಡುವೆ, ಉಪ್ಪಿನಕಾಯಿ ಅಂಗಡಿಗೂ ಹಲ್ಲಿನ ವೈದ್ಯರಿಗೂ ಮಧ್ಯೆ ಇತ್ತು. ಮಿಬು ಮೇಡಂ ಮಡಚು ಏಣಿಯ ಮೇಲೆ ನಿಂತು ಗಾಜಿನ ಪೆಟ್ಟಿಗೆಯೊಳಗೆ ಪೋಸ್ಟರು ಅಂಟಿಸುತ್ತಿದ್ದರು.

"ಆಟ ಮಧ್ಯಾಹ್ನದ ಮೇಲೆ," ಎಂದರು ತಿರುಗದೆ.

"ಆಟಕ್ಕಲ್ಲ…"

ತಿರುಗಿದರು. "ಓಹೋ, ಬಾಗಿಲ ಹುಡುಗಿ! ನಿಮ್ಮ ಇನಾಬ ಚೆನ್ನಾಗಿ ಫೋನ್ ಮಾಡಿದ್ರಪ್ಪ. ಅಷ್ಟು ನಯವಾಗಿ ನನ್ಗೆ ಯಾರೂ ಕೈಕೊಟ್ಟಿರಲಿಲ್ಲ."

"ಕೈಕೊಟ್ಟಿದ್ದಲ್ಲ…"

"ಮತ್ತಿನ್ನೇನು? ಯಾವುದೋ ದೊಡ್ಡ ಥಿಯೇಟರು ಸಿಕ್ತು, ಈ ಮುದುಕೀದು ಬೇಡ ಅಂತ ತಾನೆ? ನಾನೂ ‘ಅಯ್ಯೋ, ಪರವಾಗಿಲ್ಲ ಬಿಡಿ’ ಅಂದೆ. ಇನ್ನೇನು ಅನ್ನೋಕಾಗುತ್ತೆ?"

"ನೀವು ಹೆಸರುಗಳು ಮುಗಿಯೋ ಮೊದ್ಲೇ ಎದ್ದು ಹೋದ್ರಿ," ಎಂದೆ. ರೈಲಿನಲ್ಲಿ ಹೊಂದಿಸಿದ ವಾಕ್ಯಗಳಲ್ಲಿ ಇದು ಇರಲೇ ಇಲ್ಲ.

ಅವರು ಒಂದು ಮೆಟ್ಟಿಲು ಇಳಿದರು. ಅಂಟಿನ ಕುಂಚ ಕೈಯಲ್ಲೇ ಇತ್ತು.

"ಮೂಗು ಸೋರ್ತಿತ್ತು ಕಣೇ. ಗೋದಾಮಿನ ಮುದುಕ ಕೀಲಿಕೈ ಕೊಡೋ ಕಡೆಯಿಂದ ಶುರುವಾಗಿದ್ದು ನಿಲ್ಲಲೇ ಇಲ್ಲ. ದೀಪ ಹಾಕಿದ್ರೆ ಪತ್ರಿಕೆಯವರೆಲ್ಲ ನೋಡೋರು. ಇಷ್ಟು ವರ್ಷ ಈ ವ್ಯಾಪಾರದಲ್ಲಿದ್ದು ಪ್ರಿವ್ಯೂನಲ್ಲಿ ಅಳೋದಾ? ಬೆಳಿಗ್ಗೆ ಗಂಟಲು ಸರಿಯಾದ ಮೇಲೆ ಫೋನ್ ಮಾಡೋಣ ಅಂತ ಓಡಿ ಬಂದೆ. ಮನೆ ಬೀಗ ತೆಗೀತಿದ್ದೆ, ನಿಮ್ಮೋರ ಫೋನ್ ಬಂತು."

"ಹಾಗಾದ್ರೆ ಆ ವಾರ…"

"ರಾತ್ರೀನೇ ಬೇರೆಯವರಿಗೆ ಕೊಟ್ಟಾಯ್ತು." ಕುಂಚದಲ್ಲಿ ಪೋಸ್ಟರು ತೋರಿಸಿದರು. ಒಂದು ದ್ವೀಪ, ಅದರ ತುಂಬ ಬೆಕ್ಕುಗಳು. "ಕೊಟ್ಟ ಮಾತು ವಾಪಸ್ ತಗೊಳ್ಳೋ ವಿದ್ಯೆ ಇನಾಬಗೆ ಗೊತ್ತು. ನನಗೆ ಬರಲ್ಲ."

ಇಂಥ ಕಡೆ ನಾನು ತಲೆಬಾಗಿ ಹಿಂದೆ ಸರಿಯುತ್ತೇನೆ. ತಲೆಬಾಗಿದೆ. ಕಾಲು ಮಾತ್ರ ಕೀಳಲಿಲ್ಲ.

"ಬೆಳಗಿನ ಹೊತ್ತು? ಬೆಕ್ಕುಗಳಿಗಿಂತ ಮುಂಚೆ?"

ಮಿಬು ಮೇಡಂ ನನ್ನನ್ನೇ ನೋಡಿದರು. "ಬೆಳಿಗ್ಗೆ ಹತ್ತಕ್ಕೆ ಬರೋರು ನನ್ನಂಥ ಮುದುಕೀರು. ಒಬ್ಬರಿಗೂ ಅಳೋಕೆ ಸಂಕೋಚ ಇಲ್ಲ." ಬೆರಳು ಮಡಚಿ ಲೆಕ್ಕ ಹಾಕಿದರು. "ಒಂದು ವಾರ, ದಿನಕ್ಕೊಂದೇ ಆಟ. ಆದ್ರೆ ಮೊದಲನೇ ದಿನ ನಿರ್ದೇಶಕರು ಬಂದು ವೇದಿಕೆ ಮೇಲೆ ಮಾತಾಡ್ಬೇಕು. ಇಲ್ಲಾಂದ್ರೆ ಹೊಸಬರ ಚಿತ್ರ ಅಂತ ಯಾರೂ ತಿರುಗಿ ನೋಡಲ್ಲ."

"ಅವರು ಮಾತಾಡೋರೇ ಅಲ್ಲ."

"ಪಕ್ಕದಲ್ಲಿ ಕೂತು ಕೇಳೋರಿದ್ರೆ ಮಾತಾಡ್ತಾರೆ. ನಾನು ಕೂರಲ್ಲ, ಮತ್ತೆ ಮೂಗು ಸೋರುತ್ತೆ. ನೀನು ಕೂತ್ಕೋ."

"ನಾನಾ? ಇನಾಬ ಅವರನ್ನ ಒಂದು ಮಾತು ಕೇಳಿ—"

"ಇನಾಬನ್ನ ಕೇಳಿದ್ರೆ ಇನ್ನೊಂದು ಸಲ ನಯವಾಗಿ ಹಾಳುಮಾಡ್ತಾರೆ. ಬೆಕ್ಕಿನೋರು ಬೆಳಗಿನ ಆಟಾನೂ ಬೇಕು ಅಂತ ಕೂತಿದಾರೆ. ಈಗ್ಲೇ ಹೇಳು."

ಬಾಗಿಲ ಬಳಿ ಒಂದೊಂದೇ ಮುಖ ಬರುತ್ತದೆ, ನಾನು ಬಾಗಿಬಿಡಬಹುದು. ವೇದಿಕೆಯ ಮೇಲೆ ಎಲ್ಲ ಮುಖಗಳೂ ಒಟ್ಟಿಗೇ ನನ್ನ ಕಡೆ ತಿರುಗಿರುತ್ತವೆ.

"ಕೂರ್ತೀನಿ."

"ಏನು? ಕೇಳಿಸ್ಲಿಲ್ಲ."

"ಕೂರ್ತೀನಿ!"

ಉಪ್ಪಿನಕಾಯಿ ಅಂಗಡಿಯವನು ಕತ್ತು ಹೊರಗೆ ಚಾಚಿ ನೋಡಿದ. ಮಿಬು ಮೇಡಂ ನಗಲಿಲ್ಲ. ನನ್ನ ಕೈಯಿಂದ ಡಿಸ್ಕಿನ ಪೆಟ್ಟಿಗೆ ತೆಗೆದುಕೊಂಡು, "ಟೇಪು ಯಾರು ಸುತ್ತಿದ್ದು, ಗ್ರಹಚಾರ," ಎಂದು ಒಳಗೆ ಹೋದರು.

ಇನಾಬ ಅವರಿಗೆ ಫೋನಿನಲ್ಲಿ ಹೇಳಿದೆ. ಬಹಳ ಹೊತ್ತು ಬೈದರು. ನಡುವೆ ಒಮ್ಮೆ, "ನಿಜವಾಗ್ಲೂ ಅತ್ತರಾ? ಮಿಬು?" ಎಂದು ಕೇಳಿ, ಮತ್ತೆ ಬೈಯಲು ಶುರು ಮಾಡಿದರು. ಚಿತ್ರ ವಾಪಸ್ ತರಬೇಕು ಎಂದು ಮಾತ್ರ ಹೇಳಲಿಲ್ಲ.

ಕುರಮೋಚಿ ಫೋನ್ ಎತ್ತಿದಾಗ ಅವರ ಬಸ್ಸು ಯಾವುದೋ ಶಾಲೆಯ ಮೈದಾನದಲ್ಲಿ ನಿಂತಿತ್ತು. ಮಕ್ಕಳ ಕಿರುಚಾಟ ಕೇಳುತ್ತಿತ್ತು.

"ಬೆಳಿಗ್ಗೆ ಹತ್ತಾ?" ಎಂದರು. "ಒಳ್ಳೇದು. ತುಂಬಾ ಒಳ್ಳೇದು. ಆದ್ರೆ ವೇದಿಕೆ ಮೇಲೆ ನಾನೇನು ಮಾತಾಡ್ಲಿ?"

"ನಾನು ಕೇಳ್ತೀನಲ್ಲ."

"ಏನು ಕೇಳ್ತೀರಿ?"

ನನ್ನ ಬಳಿ ಒಂದು ಪ್ರಶ್ನೆಯೂ ಇರಲಿಲ್ಲ. ಅಂಗಡಿ ಸಾಲಿನ ಈ ತುದಿಯಿಂದ ಆ ತುದಿಗೆ ನಡೆದೆ, ಮೀನಿನಂಗಡಿ ದಾಟಿ ಹಿಂದಿರುಗಿದೆ.

"ಕೀಲಿಕೈ ಕೊಡೋವಾಗ ಆ ಮುದುಕ ಯಾಕೆ ನಗ್ತಾನೆ?"

"ನಕ್ಕಿದ್ದು ನೀವು ನೋಡಿದ್ರಾ? ಅದು ನಾನು ಹೇಳಿಕೊಟ್ಟಿದ್ದಲ್ಲ. ಅವತ್ತು ಏನಾಯ್ತು ಅಂದ್ರೆ, ಆ ತಾತನಿಗೆ ಬೆಳಿಗ್ಗೆಯಿಂದ…"

ಮಾತು ಕಿತ್ತುಕೊಂಡು ಬಂತು. ಬಸ್ಸಿನೊಳಗೆ ಯಾರೋ ಹಾರನ್ ಒತ್ತಿದರೂ ಅವರು ನಿಲ್ಲಿಸಲಿಲ್ಲ.

"ಸಾಕು, ಸಾಕು!" ಎಂದೆ. ನಾನು ಯಾರ ಮಾತನ್ನೂ ಹೀಗೆ ನಡುವೆ ಕತ್ತರಿಸಿದವಳಲ್ಲ. "ಈಗ ಹೇಳ್ಬೇಡಿ. ಅಲ್ಲಿ ಹೇಳಿ."