ಮೂರನೆಯ ಓಟ

ಕುರ್ಚಿಗಳ ಸಾಲಿನ ಕೆಳಗೆ ಒದ್ದೆಬಟ್ಟೆ ತೂರಿಸಿ ನೆಲ ಒರೆಸುತ್ತಿದ್ದೆ. ಡಾಕ್ಟರಿಗಾಗಿ ಕಾಯುತ್ತಿದ್ದವರು ಮಾತಾಡದೆ ಕಾಲೆತ್ತುತ್ತಿದ್ದರು, ಮಾತಾಡದೆ ಇಳಿಸುತ್ತಿದ್ದರು. ಗೋಡೆಯ ಟೀವಿಯಲ್ಲಿ ಕಳ್ಳತನದ ಸುದ್ದಿ ಶುರುವಾಯಿತು. ಆ ಸಂಗೀತ ಕೇಳಿದರೆ ಸಾಕು, ಈಗ ಅಪ್ಪ ಬರುತ್ತಾನೆಂದು ನನಗೆ ಗೊತ್ತು.

ಬಂದ. ಹೆಗಲ ಮೇಲೆ ಚೀಲ, ಬರಿಗಾಲು, ನಮ್ಮ ಓಣಿಯ ಉದ್ದಕ್ಕೂ ಓಟ. ಮುಖದ ಸುತ್ತ ಕೆಂಪು ವೃತ್ತ.

"ಕಾಲು ಮುರೀಬೇಕು ಈ ಬೋಳಿಮಕ್ಳದು," ಅಂದರು ಮಂಡಿನೋವಿನ ಹಿರಿಯರು. ಪಕ್ಕದ ಹೆಂಗಸು, ಮುಖ ನೋಡಿದರೇ ಗೊತ್ತಾಗುತ್ತದೆ, ಅದು ರಕ್ತದಲ್ಲೇ ಇರುತ್ತದೆ ಎನ್ನುತ್ತ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡರು. ಆಕೆ ಕೆಟ್ಟವರಲ್ಲ. ಹೋದ ವಾರ ನನಗೆ ಬಿಸ್ಕತ್ತು ಕೊಟ್ಟಿದ್ದರು.

ಇಂಥ ಮಾತು ನನಗೆ ಹೊಸದಲ್ಲ. ಆದರೆ ಇವತ್ತು ಬೆಳಿಗ್ಗೆ ಅಮ್ಮ ತಲೆ ಬಾಚಿಕೊಳ್ಳುತ್ತ, ನನ್ನ ಕಡೆ ನೋಡದೆ ಕೇಳಿದ್ದಳು: "ಅವತ್ತು ಆ ಚೀಲದಲ್ಲಿ ಏನಿತ್ತೇ? ನಿಮ್ಮಪ್ಪ ನಿಂಗೇನಾದ್ರೂ ಹೇಳಿದ್ನಾ?"

ಅಪ್ಪ ಕಸದ ಲಾರಿಯ ಆಳು. ನಾಲ್ಕು ವರ್ಷದ ಹಿಂದೆ ಕಸದ ಬಗ್ಗೆ ಕಾರ್ಯಕ್ರಮ ಮಾಡುತ್ತೇವೆಂದು ಕ್ಯಾಮೆರಾದವರು ಓಣಿಗೆ ಬಂದರು. ಅಮ್ಮನೇ ಮನೆ ಮುಂದಿನ ಕಸವನ್ನು ಚೀಲಕ್ಕೆ ತುಂಬಿ ಅವನ ಹೆಗಲಿಗೇರಿಸಿದಳು. ಲಾರಿ ಯಾರಿಗೂ ನಿಲ್ಲುವುದಿಲ್ಲ, ಹಿಂದೆಯೇ ಓಡಿ ಎಸೆಯಬೇಕು. ಓಟ ಚೆನ್ನಾಗಿ ಬಂತು, ಇನ್ನೊಂದು ಸಲ ಓಡಿ ಯಜಮಾನರೇ ಅಂದರು. ಜೀವಮಾನದಲ್ಲಿ ಅಪ್ಪನನ್ನು ಯಾರೂ ಯಜಮಾನರೇ ಎಂದು ಕರೆದಿರಲಿಲ್ಲ. ಅವನು ಮೂರು ಸಲ ಓಡಿದ. ಮೂರನೆಯ ಸಲಕ್ಕೆ ಲಾರಿ ಹೊರಟುಹೋಗಿತ್ತು, ಆದರೂ ಓಡಿದ. ಅವರು ಇಟ್ಟುಕೊಂಡದ್ದು ಆ ಓಟವನ್ನೇ.

ಕಸದ ಕಾರ್ಯಕ್ರಮ ಬರಲೇ ಇಲ್ಲ. ತಿಂಗಳಾದ ಮೇಲೆ ಎಲ್ಲೋ ಮನೆ ದೋಚಿದ ಸುದ್ದಿಯಲ್ಲಿ ಅಪ್ಪ ಓಡಿದ. ಓಣಿಯೆಲ್ಲ ನಕ್ಕಿತು. "ಏನೋ ಹೀರೋ, ನಮ್ಗೂ ಪಾಲು ಕೊಡೋ," ಎಂದು ಎದುರುಮನೆ ಮಾವ ಬೆನ್ನಿಗೆ ಗುದ್ದಿದ. ಅಪ್ಪನೂ ನಕ್ಕ. ಆಮೇಲೆ ಅಂಗಡಿಯವನು ಅವನ ಕೈಯನ್ನೇ ನೋಡತೊಡಗಿದ. ಅಪ್ಪ ಓಡುವುದನ್ನು ಬಿಟ್ಟ. ಲಾರಿಯ ಹಿಂದೆ ನಡೆದುಕೊಂಡು ಹೋಗುವವನು ಯಾರಿಗೆ ಬೇಕು? ಕೆಲಸದಿಂದ ತೆಗೆದರು. ಮರುವರ್ಷ ಎದೆನೋವು ಬಂದು ಹೋಗಿಬಿಟ್ಟ.

ಸತ್ತವರು ಕನಸಿಗೆ ಬರುತ್ತಾರಂತೆ. ನಮ್ಮಪ್ಪ ಸುದ್ದಿಗೆ ಬರುತ್ತಾನೆ. ಯಾವ ಊರಲ್ಲಿ ಕಳುವಾದರೂ ಅವನೇ ಓಡಬೇಕು. ನೋಡಿ ನೋಡಿ, ಕೈಯಾರೆ ಚೀಲ ತುಂಬಿದ ಅಮ್ಮನಿಗೇ ಈಗ ಅನುಮಾನ. ಸತ್ತ ಮೇಲೂ ಚೀಲ ಇಳಿಸಲು ಬಿಟ್ಟಿಲ್ಲ.

ಟೀವಿಯಲ್ಲಿ ಅವನನ್ನು ಮತ್ತೆ ತೋರಿಸಿದರು. ನಾನು ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಕೈ ಒರೆಸಿಕೊಂಡು, ಟೀವಿಯ ಪ್ಲಗ್ ಕಿತ್ತೆ. ತಲೆ ಕೆಟ್ಟಿದೆಯೇನೇ ಎಂದು ಚೀಟಿ ಬರೆಯುವ ಸಿಸ್ಟರ್ ಗದರಿದರು. ಎಲ್ಲರೂ ನನ್ನ ಕಡೆ ತಿರುಗಿದರು. ಎರಡು ವರ್ಷದಿಂದ ಇಲ್ಲಿ ನೆಲ ಒರೆಸುತ್ತಿದ್ದೇನೆ, ಇವರಲ್ಲಿ ಹೆಚ್ಚಿನವರು ನನ್ನ ಧ್ವನಿಯನ್ನೇ ಕೇಳಿರಲಿಲ್ಲ.

"ಅವ್ರು ನಮ್ಮಪ್ಪ," ಅಂದೆ. "ಕಸ ಹೊತ್ಕೊಂಡು ಓಡ್ತಿದ್ರು."

ಹಿರಿಯರು ತಮ್ಮ ಮಂಡಿ ಸವರಿಕೊಂಡರು. ಬಿಸ್ಕತ್ತು ಕೊಟ್ಟ ಹೆಂಗಸು ಕೈಚೀಲದೊಳಗೆ ಏನೋ ಹುಡುಕಿದರು.

"ನಾನು ಹೇಳಿದ್ರೆ ನಮ್ಮಮ್ಮ ನಂಬಲ್ಲ. ಮನೆ ಇಲ್ಲೇ ಹಿಂದಿನ ಓಣಿ. ನಿಮ್ಮಲ್ಲಿ ಯಾರಾದ್ರೂ ಒಬ್ರು ಬಂದು ಅವ್ಳಿಗೆ ಹೇಳ್ತೀರಾ, ಅವ್ರು ಕಳ್ಳ ಅಲ್ಲ ಅಂತ?"

ಒಳಗಿನಿಂದ ಡಾಕ್ಟರು ಗಂಟೆ ಒತ್ತಿದರು. ಯಾರೂ ಏಳಲಿಲ್ಲ.